ಮೋರಿ ದಾಟಿದ ಗಾಡಿ

ಪೀಂ ಎಂದಿತು.

ರಾತ್ರಿ ಹನ್ನೆರಡೂವರೆ ದಾಟಿತ್ತು. ಸದ್ದು ಸೊಳ್ಳೆಯದಕ್ಕಿಂತ ತುಸು ದಪ್ಪ, ಅಷ್ಟೇ. ಹಾಸಿಗೆಯಲ್ಲಿ ಎದ್ದು ಕೂತೆ. ಎರಡು ನಿಮಿಷ ಏನೂ ಇಲ್ಲ. ಕನಸಿರಬೇಕು ಎಂದು ಮತ್ತೆ ತಲೆ ಇಡುವಷ್ಟರಲ್ಲಿ ಗೋಡೆಯ ಆಚೆಯಿಂದ ಇನ್ನೊಮ್ಮೆ, ಪೀಂ.

ಅದು ನನ್ನ ಗಾಡಿ. ಬಿಡಿಭಾಗಗಳ ಪೆಟ್ಟಿಗೆ ತರಿಸಿ ನಾನೇ ಜೋಡಿಸಿದ, ರಿಮೋಟಿನಿಂದ ಓಡುವ, ಮೊಳದುದ್ದದ ಕಾರು. ರಾತ್ರಿ ಹತ್ತಕ್ಕೆ ಅಂಗಳದಲ್ಲಿ ಓಡಿಸುತ್ತಿದ್ದಾಗ ಅದು ಗೋಡೆಯ ಬುಡದ ಮೋರಿಯೊಳಗೆ ನುಗ್ಗಿ, ಅಣ್ಣನ ಮನೆಯ ಬಚ್ಚಲಿನ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ಹಿಂದಕ್ಕೆ ಬರಲಿಲ್ಲ. ಕೈ ಹಾಕಿದರೆ ಎಟುಕಲಿಲ್ಲ. ಕಸಬರಿಗೆಯ ಹಿಡಿಯಿಂದ ಎಳೆಯಲು ಹೋದರೆ ಇನ್ನಷ್ಟು ಆಚೆ ಸರಿಯಿತು. ಕೊನೆಗೆ ರಿಮೋಟ್ ಆರಿಸಿ ಮಲಗಿದ್ದೆ. ಮಲಗಿದ್ದೆ ಎಂದರೆ ಕಣ್ಣು ಮುಚ್ಚಿದ್ದೆ.

ಅಣ್ಣ ಅಂಬರೇಶನಿಗೆ ಈ ವಾರ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಆರೂವರೆಗೆ ಬರುತ್ತಾನೆ. ಬಂದವನು ಮೈಮೇಲಿನ ಸಿಮೆಂಟಿನ ಹುಡಿ ತೊಳೆಯಲು ನೇರ ಬಚ್ಚಲಿಗೆ ಹೋಗುತ್ತಾನೆ. ಗಾಡಿ ಅವನ ಕಣ್ಣಿಗೆ ಬಿದ್ದರೆ ಮೋರಿ ಮುಚ್ಚುತ್ತಾನೆ. ಮುಚ್ಚುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದಾನೆ. ಅದಕ್ಕಿಂತ ಹೆಚ್ಚಾಗಿ, ತನ್ನ ಹೆಂಡತಿಯನ್ನು, ನನ್ನ ವೈನಿಯನ್ನು, ಹಿಡಿದು ಕೇಳುತ್ತಾನೆ: ಆಕಿ ಸಂಗಟ ಮಾತಾಡಿದಿ ಹೌದಿಲ್ಲ?

ಆರು ವರ್ಷದ ಹಿಂದೆ ಅಪ್ಪ ಜಟ್ಟೆಪ್ಪ ತೀರಿಕೊಂಡಾಗ ರೈಲು ಜಂಕ್ಷನ್ ಊರಾದ ವಾಡಿಯ ಈ ಮನೆಯಲ್ಲಿ ಅರ್ಧವನ್ನು ನನ್ನ ಹೆಸರಿಗೆ ಬರೆದಿಟ್ಟಿದ್ದರು. ಹೆಣ್ಣುಮಗಳು, ಬಿಟ್ಟುಕೊಟ್ಟು ಸಹಿ ಮಾಡುತ್ತಾಳೆ ಎಂದು ಅಣ್ಣ ನಂಬಿದ್ದ. ನಾನು ಮಾಡಲಿಲ್ಲ. ಮದುವೆಯಾಗದ ನನಗೆ ಬೇರೆ ಮನೆ ಇರಲಿಲ್ಲ. ಒಂದೇ ದಿನದಲ್ಲಿ ಅಂಗಳದ ನಡುವೆ ಪರ್ಸಿ ಹಾಸುಗಲ್ಲುಗಳು ಗೋಡೆಯಾಗಿ ಎದ್ದು ನಿಂತವು. ಅಂದು ಸಂಜೆ ಅಣ್ಣ ತನ್ನ ತಲೆಯ ಮೇಲೆ ವೈನಿಯ ಕೈ ಇಡಿಸಿ, ಆಚೆ ಮನೆಯ ಭಾಗ್ಯಾಳ ಜೊತೆ, ಎಂದರೆ ನನ್ನ ಜೊತೆ, ಮಾತಾಡುವುದಿಲ್ಲವೆಂದು ಆಣೆ ಮಾಡಿಸಿದ. ಗೋಡೆಯ ಈಚೆ ನಿಂತು ನಾನು ಕೇಳಿಸಿಕೊಂಡೆ.

ಮೋರಿಯೊಂದು ಉಳಿಯಿತು. ಅವರ ಬಚ್ಚಲಿನ ನೀರು ನನ್ನ ಅಂಗಳ ಹಾಯ್ದೇ ಬೀದಿಗೆ ಹೋಗಬೇಕು. ನೆಲದ ಇಳಿಜಾರು ಹಾಗಿದೆ. ಆರು ವರ್ಷ ನಾನು ವೈನಿಯನ್ನು ಆ ನೀರಿನಿಂದ ತಿಳಿದುಕೊಂಡಿದ್ದೇನೆ. ಶುಕ್ರವಾರ ಅರಿಶಿನ ಬರುತ್ತದೆ. ಬಟ್ಟೆ ಸೋಪು ಬದಲಾಗಿದೆ. ಹೋದ ಶ್ರಾವಣದಲ್ಲಿ ಮೂರು ದಿನ ಅಣ್ಣನ ಸ್ನಾನದ ನೀರಷ್ಟೇ ಬಂತು, ವೈನಿಗೆ ಜ್ವರ ಎಂದು ಗೊತ್ತಾಯಿತು. ಯಾರನ್ನು ಕೇಳಲಿ? ನಾಲ್ಕನೆಯ ದಿನ ಬೆಳಿಗ್ಗೆ ನೀರಿನ ಜೊತೆ ಸೀಗೆಕಾಯಿಯ ವಾಸನೆ ಬಂದಾಗ ಕಾಲೇಜಿಗೆ ಹೊರಟೆ.

ಚಿತ್ತಾಪುರದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆಗೆ ಬಂದರೆ ಬಾಗಿಲ ಚಿಲಕ, ಗ್ಯಾಸಿನ ತಿರುಪು, ಮತ್ತೆ ಚಿಲಕ, ಹೀಗೆ ಭದ್ರವಾಗಿದೆಯೇ ಎಂದು ನೋಡುತ್ತಲೇ ರಾತ್ರಿಯಾಗುತ್ತಿತ್ತು. ಗಾಡಿಯ ಪೆಟ್ಟಿಗೆ ತರಿಸಿದ್ದು ಅದರೊಳಗಿನ ಪುಸ್ತಕಕ್ಕಾಗಿ ಎಂದರೂ ಸರಿಯೇ. ಮೂವತ್ತೆರಡು ಹಂತ, ಒಂದೊಂದಕ್ಕೂ ಚಿತ್ರ, ಯಾವ ಸ್ಕ್ರೂ ಎಲ್ಲಿ, ಎಷ್ಟು ಬಿಗಿ. ಒಮ್ಮೆ ನೋಡಿದರೆ ಸಾಕು, ಮತ್ತೆ ನೋಡಬೇಕಿಲ್ಲ ಎಂದು ಯಾರೋ ಬರೆದುಕೊಟ್ಟ ಹಾಗಿತ್ತು. ದಿನಕ್ಕೆ ಒಂದೇ ಹಂತ ಮಾಡಿದೆ, ಬೇಗ ಮುಗಿಯಬಾರದೆಂದು.

ನನ್ನ ಜೊತೆ ರೈಲಿನಲ್ಲಿ ಬರುವ ತಬಸ್ಸುಮ್, ಕೆಮಿಸ್ಟ್ರಿಯವಳು, ಅವಳಿಗೊಬ್ಬಳಿಗೇ ಇದು ಗೊತ್ತಿತ್ತು.

"ಮಂದಿ ಮದಿವಿ ಆಗಿ ಸಂಸಾರ ಕಟ್ಟತಾರ, ನೀವು ಕಾರ್ ಕಟ್ಟಾಕತ್ತೀರಿ," ಎಂದಳು. "ಯಾವಾಗ ಕುಂದ್ರಸ್ತೀರಿ ನಮ್ಮನ್ನ?"

"ಮೊದ್ಲು ಬ್ರೇಕ್ ಹಿಡೀಲಿ."

"ಬ್ರೇಕ್ ಇಲ್ಲದ್ದು ಮನ್ಯಾಗ ಇಟ್ಕೊಂಡೀರಿ? ಅದಕ್ಕಿಂತ ಗಂಡ ಬೇಷ್ ಇರ್ತಿದ್ದ ನೋಡ್ರಿ ಮೇಡಂ."

ಮೊದಲ ತಪ್ಪು ಎಣ್ಣೆಯದು. ತಿರುಗುವುದಕ್ಕೆಲ್ಲ ಹೊಲಿಗೆ ಯಂತ್ರದ ಎಣ್ಣೆ ಬಿಡುವುದು ನಮ್ಮ ಮನೆಯ ರೂಢಿ. ಗಾಡಿಯ ಹಲ್ಲುಚಕ್ರಗಳಿಗೂ ಬಿಟ್ಟೆ. ವಾಡಿಯ ಗಾಳಿಯಲ್ಲಿ ಕಲ್ಲಿನ ಹುಡಿ ಇದ್ದೇ ಇರುತ್ತದೆ; ಎಣ್ಣೆಗೆ ಅಂಟಿ ಬೂದುಬಣ್ಣದ ರಾಡಿಯಾಯಿತು. ವಾರದಲ್ಲಿ ಹಲ್ಲುಗಳು ಸವೆದು ನುಣ್ಣಗಾದವು. ಅಪ್ಪ ನಲವತ್ತು ವರ್ಷ ಪರ್ಸಿಗೆ ಪಾಲಿಶ್ ಮಾಡಿದ್ದು ಅಂಥದೇ ರಾಡಿಯಿಂದ. ಆ ರಾಡಿ ಅವರ ಅಂಗಿಯಿಂದ ತೊಳೆದವಳು ನಾನು. ಆದರೂ ಮರೆತಿದ್ದೆ.

ಹೊಸ ಚಕ್ರ ತರಿಸಿ, ಎಣ್ಣೆಯಿಲ್ಲದೆ ಒಣಗಾಗಿ ಜೋಡಿಸಿದೆ. ಆಮೇಲೆ ಒಂದೊಂದೇ ಸುಧಾರಣೆ. ಗಾಲಿಯ ಅಚ್ಚಿನ ಪ್ಲಾಸ್ಟಿಕ್ ಬುಷ್ ತೆಗೆದು ಬೇರಿಂಗ್ ಹಾಕಿದೆ. ಬೆರಳಿನಿಂದ ಮೀಟಿದರೆ ಗಾಲಿ ಎಷ್ಟೋ ಹೊತ್ತು ತಿರುಗುತ್ತಿತ್ತು. ಪರ್ಸಿಯ ಮೇಲೆ ಜಾರುತ್ತಿದ್ದ ಗಟ್ಟಿ ಟೈರು ಬಿಚ್ಚಿ ಮೆತ್ತನೆಯವು ಹಾಕಿದೆ. ಕೊನೆಗೆ, ಈ ಸೋಮವಾರ, ಜೋರಾದ ಮೋಟರು, ಅದಕ್ಕೆ ಹೊಂದುವ ಹೊಸ ಸ್ಪೀಡ್ ಕಂಟ್ರೋಲರು. ಗಾಡಿಯನ್ನು ಆರಿಸದೆ ಬಹಳ ಹೊತ್ತು ಬಿಟ್ಟರೆ ಅದು ನೆನಪಿಸಲು ಕೂಗುತ್ತದೆ ಎಂದು ಚೀಟಿಯಲ್ಲಿ ಬರೆದಿತ್ತು. ಒಳ್ಳೆಯ ಅನುಕೂಲ ಎಂದುಕೊಂಡಿದ್ದೆ. ಹಳೆಯದು ಎಂದೂ ಕೂಗುತ್ತಿರಲಿಲ್ಲ.

ಪೀಂ.

ಇನ್ನೂ ಒಂದು ಮಾತು ಹೇಳಬೇಕು. ಗಾಡಿಯ ಬಣ್ಣದ ಹೊದಿಕೆಯನ್ನು ನಾನು ಆ ರಾತ್ರಿ ತೆಗೆದಿಟ್ಟಿದ್ದೆ. ಹೊದಿಕೆ ಇದ್ದಿದ್ದರೆ ಅದು ಮೋರಿಯಲ್ಲಿ ತೂರುತ್ತಿರಲಿಲ್ಲ. ಹಿಂದಿನ ದಿನ ಮೋರಿಯ ಬಾಯಿಗೆ ಸ್ಕೇಲು ಇಟ್ಟು ಅಳೆದದ್ದೂ ಹೌದು. ಗಾಡಿ ಅದರೊಳಗೆ ಹೋಗದಂತೆ ನೋಡಿಕೊಳ್ಳಲು ಅಳೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬಾಗಿಲು ತೆಗೆದು ಅಂಗಳಕ್ಕೆ ಬಂದು, ಮೋರಿಯ ಪಕ್ಕ ನೆಲಕ್ಕೆ ಕೂತೆ. ಕೈಯಲ್ಲಿ ರಿಮೋಟ್ ಇತ್ತು. ಆಚೆ ದೀಪ ಹತ್ತಿತು. ಮೋರಿಯ ಬಾಯಲ್ಲಿ ಹಳದಿ ಬೆಳಕಿನ ಪಟ್ಟಿ ಬಿತ್ತು. ಕಾಲುಂಗುರ ಕಲ್ಲಿಗೆ ತಾಗುವ ಸದ್ದು ಹತ್ತಿರ ಬಂತು.

"ಯಾವ ಹುಳಾ ಇದು, ನಿದ್ದಿ ಕೆಡಸ್ಲಿಕತ್ತದ," ಎಂದಳು ವೈನಿ. ಶಿವಕಾಂತಮ್ಮ ಅವಳ ಹೆಸರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಈ ಮನೆಗೆ ಬಂದವಳು. ನನಗೆ ಜಡೆ ಹಾಕುತ್ತಿದ್ದವಳು.

ಬಗ್ಗಿದಳೆಂದು ಕಾಣುತ್ತದೆ, ಬಳೆಗಳು ಸದ್ದು ಮಾಡಿದವು.

"ಅಯ್ಯ, ಗಾಲಿ ಅದಾವ." ಆಮೇಲೆ ದನಿ ಇಳಿಸಿ, "ಯಾರ ಮನಿದವ್ವಾ ನೀ?"

ಆ ಮೋರಿ ಬರುವುದು ಒಂದೇ ಮನೆಗೆ. ಅವಳಿಗೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ಮಾತು ಬಿಟ್ಟ ಹೆಂಗಸರು ಬೆಕ್ಕಿಗೆ ಹೇಳುತ್ತಾರೆ, ಕೊಡಕ್ಕೆ ಹೇಳುತ್ತಾರೆ, ಕೇಳಬೇಕಾದವರಿಗೆ ಕೇಳಿಸುತ್ತದೆ. ಆರು ವರ್ಷದಲ್ಲಿ ವೈನಿ ಅಷ್ಟನ್ನೂ ಮಾಡಿರಲಿಲ್ಲ.

"ಒಬ್ಬಾಕಿನೇ ಬಂದೀಯೇನ?" ಎಂದು ಗಾಡಿಯನ್ನು ಕೇಳಿದಳು.

ನಾನು ಗುಂಡಿ ಒತ್ತಿ ರಿಮೋಟ್ ಹತ್ತಿಸಿದೆ. ಅದರ ಮೇಲಿನ ಚಕ್ರವನ್ನು ಎಡಕ್ಕೆ ತಿರುವಿದೆ, ಬಲಕ್ಕೆ ತಿರುವಿದೆ. ಆಚೆ ಮುಂದಿನ ಗಾಲಿಗಳು ಚಿರ್ ಚಿರ್ ಎಂದು ಹೊರಳಿದ್ದು ಕೇಳಿಸಿತು. ವೈನಿ ಉಸಿರು ಹಿಡಿದಳು. ಮತ್ತೆ ಮೂಗಿನಲ್ಲೇ ನಕ್ಕಳು.

"ಹೌದು ಅಂತೀಯೋ ಇಲ್ಲ ಅಂತೀಯೋ, ತಿಳಿಯಂಗಿಲ್ಲ ನಿಂದು. ಮೊದಲಿಂದನೂ ಹಂಗೇ ನೀ."

ನಾನು ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡೆ.

"ಉಂಡಿಯೇನ? ಇಲ್ಲಾ ಚಾ ಕುಡದು ಮಲ್ಕೊಂಡೀಯೋ?"

ಚಹಾ ಕುಡಿದೇ ಮಲಗಿದ್ದೆ. ಚಕ್ರ ತಿರುವಲಿಲ್ಲ. ಸುಳ್ಳು ಹೇಳುವುದಾದರೆ ಯಾವ ಕಡೆಗೆ ತಿರುವಬೇಕೆಂದು ಗೊತ್ತಾಗಲಿಲ್ಲ.

"ಆಯ್ತು ಬಿಡು. ಹೋಗಿನ್ನ. ಆರೂವರಿಗಿ ಬರ್ತಾರ."

ಹಿಂದಕ್ಕೆ ಓಡಿಸುವ ಗುಂಡಿ ಒತ್ತಿದೆ. ಮೋಟರು ನರಳಿತು, ಗಾಡಿ ಕದಲಲಿಲ್ಲ. ಹಿಂದಿನ ಗಾಲಿಗಳು ಎಲ್ಲೋ ಹಿಡಿದಿದ್ದವು.

"ಬರವಲ್ದಲ್ಲ ಇದು. ಹಟಮಾರಿ ಅದ. ತಡಿ."

ಪ್ಲಾಸ್ಟಿಕ್ಕು ಕಲ್ಲಿಗೆ ಉಜ್ಜಿದ ಸದ್ದಾಯಿತು. ಮೋರಿಯೊಳಗಿಂದ ಮೊದಲು ಗಾಡಿಯ ಹಿಂಭಾಗ ಬಂತು, ಆಮೇಲೆ ಅದನ್ನು ನೂಕುವ ಕೈ. ಮಣಿಕಟ್ಟಿನವರೆಗೆ ಕಂಡಿತು. ಎರಡು ಹಸಿರು ಗಾಜಿನ ಬಳೆ, ಒಲೆಯ ಬಿಸಿ ತಾಗಿದ ಹಳೆಯ ಗುರುತು. ಗಾಡಿ ಈಚೆ ಬಂದ ಮೇಲೂ ಕೈ ಕಲ್ಲಿನ ಮೇಲೆ ಹಾಗೇ ಇತ್ತು, ಅಂಗೈ ಕೆಳಗಾಗಿ. ನನ್ನ ಕೈ ಅದರಿಂದ ಒಂದು ಗೇಣು ದೂರದಲ್ಲಿತ್ತು. ಮುಟ್ಟಿದರೆ ಮಾತಾಡಿದ ಹಾಗೆ ಆಗುತ್ತದೆಯೇ, ಆಣೆ ಮುರಿದ ದೋಷ ಅವಳಿಗೆ ತಟ್ಟುತ್ತದೆಯೇ ಎಂದು ಯೋಚಿಸಿದೆ. ಯೋಚಿಸಿ ಮುಗಿಯುವಷ್ಟರಲ್ಲಿ ಕೈ ಒಳಗೆ ಹೋಯಿತು.

"ಮತ್ತ ಬರಬ್ಯಾಡ," ಎಂದಳು. ದೀಪ ಆರಿತು.

ಗಾಡಿಯನ್ನು ಒಳಗೆ ತಂದು ಸ್ವಿಚ್ ಆರಿಸಿ, ದೀಪದ ಕೆಳಗೆ ಹಿಂದಿನ ಗಾಲಿ ಬಿಚ್ಚಿದೆ. ಅಚ್ಚಿಗೆ ಕೂದಲು ಸುತ್ತಿಕೊಂಡಿತ್ತು. ಬೇರಿಂಗಿನ ಸಂದಿಯವರೆಗೆ, ದಾರದ ಉಂಡೆಯ ಹಾಗೆ ಬಿಗಿಯಾಗಿ.

ಬಾಚಿದಾಗ ಉದುರಿದ ಕೂದಲನ್ನು ನಮ್ಮಲ್ಲಿ ಎಸೆಯುವುದಿಲ್ಲ. ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕಿಡುತ್ತಾರೆ. ರಾವೂರಿನ ಪೀರಮ್ಮ ತಿಂಗಳಿಗೊಮ್ಮೆ ಬಂದು ಒಯ್ದು, ಬದಲಿಗೆ ಪಿನ್ನೋ ಸ್ಟೀಲಿನ ಬಟ್ಟಲೋ ಕೊಡುತ್ತಾಳೆ. ನನ್ನದೂ ವೈನಿಯದೂ ಒಂದೇ ಸಂದಿಯಲ್ಲಿ ಇರುತ್ತಿತ್ತು. ಆ ಸಂದಿ ಈಗ ನನ್ನ ಪಾಲಿನಲ್ಲಿದೆ. ಹೋದ ಸಲ ಬಂದಾಗ ಪೀರಮ್ಮ ಅಂದಿದ್ದಳು: "ನಿಮ್ಮ ವೈನಿ ಕೂದಲಾ ಕೊಡಂಗಿಲ್ಲ ನೋಡವ್ವಾ ಈಗ. ನಂದು ಉದುರಂಗೇ ಇಲ್ಲ ಅಂತಾಳ. ಲೋಕದಾಗ ಯಾರದು ಉದುರಂಗಿಲ್ಲ?"

ಚಿಮಟಿಗೆಯಿಂದ ಒಂದೊಂದೇ ಎಳೆ ಬಿಡಿಸಿದೆ. ಕಾಲು ಗಂಟೆ ಹಿಡಿಯಿತು. ಒಂದೊಂದೂ ನನ್ನ ಕೈಯುದ್ದ ಇತ್ತು. ಬಿಡಿಸಿದಷ್ಟೂ ಬೆಳ್ಳಗೆ. ಕಪ್ಪು ಎಳೆ ಹುಡುಕಿದರೆ ಐದಾರು ಸಿಕ್ಕವು.

ವೈನಿ ತಲೆಯ ಮೇಲಿನ ಸೆರಗು ಸರಿಸಿದ್ದನ್ನು ನಾನು ಬೀದಿಯಲ್ಲಿ ಎಂದೂ ಕಂಡಿಲ್ಲ. ಅವಳನ್ನು ನೆನೆದಾಗಲೆಲ್ಲ ಮೊಣಕಾಲಿನವರೆಗೆ ಕಪ್ಪು ಕೂದಲು ಇಳಿಬಿಟ್ಟು ಅಂಗಳದಲ್ಲಿ ಕೂತವಳೇ ಕಾಣುತ್ತಿದ್ದಳು. ನೀರು ನನಗೆ ಎಲ್ಲವನ್ನೂ ಹೇಳುತ್ತದೆ ಎಂದುಕೊಂಡಿದ್ದೆ.

ಆ ಕೂದಲನ್ನು ಸಂದಿಯಲ್ಲಿ ಇಡಲಿಲ್ಲ. ಪೀರಮ್ಮನ ಕೈಗೆ ಹೋದರೆ ವೈನಿ ಮುಚ್ಚಿಟ್ಟದ್ದು ಅವಳಿಗೆ ತಿಳಿದುಹೋಗುತ್ತದೆ. ಪೆಟ್ಟಿಗೆಯಲ್ಲಿ ಮಿಕ್ಕ ಸ್ಕ್ರೂಗಳ ಪ್ಲಾಸ್ಟಿಕ್ ಚೀಲ ಇತ್ತು, ಅದರಲ್ಲಿ ಇಟ್ಟೆ.

ಆರೂವರೆಗೆ ಅಣ್ಣ ಬಂದ. ನಾನು ಗೋಡೆಯ ಈಚೆ ಖಾಲಿ ಬಕೆಟ್ ಹಿಡಿದು ನಿಂತಿದ್ದೆ.

"ಏನ ಗೆರಿ ಇವು ಮೋರಿ ಬಾಯಾಗ?" ಎಂದ. "ಎರಡೂ ಒಂದ ಸಮ ಅದಾವ."

"ಹೆಗ್ಗಣ ಇದ್ದೀತು," ಎಂದಳು ವೈನಿ.

"ಹೆಗ್ಗಣ ಪಟ್ಟಿ ಹಚ್ಚಿ ಗೆರಿ ಕೊರೀತದೇನ?"

"ವಾಡಿ ಹೆಗ್ಗಣ ಅದು. ಹಳಿ ನೋಡಿ ನೋಡಿ ಕಲ್ತದ."

ಅಣ್ಣ ನಕ್ಕಿರಬೇಕು, ಕೆಮ್ಮಿನ ಹಾಗೆ ಕೇಳಿಸಿತು. "ಐತವಾರ ಈ ಮೋರಿ ಮುಚ್ಚೇ ಬಿಡ್ತೀನಿ."

ನಾನು ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟೆ.

"ಮುಚ್ಚರಿ. ಆಮ್ಯಾಲ ಬಚ್ಚಲ ನೀರು ಕೊಡದಾಗ ತುಂಬಿ, ಸ್ಟೇಷನ್ ತನಕ ನೀವೇ ಹೊತ್ತು ಹಾಕ್ರಿ. ನನಗ ಸೊಂಟಾ ಇಲ್ಲ."

ಬಚ್ಚಲ ಬಾಗಿಲು ಹಾಕಿದ ಸದ್ದಾಯಿತು. ಸ್ವಲ್ಪ ಹೊತ್ತಿನಲ್ಲಿ ನೀರು ಬಂತು, ಸಿಮೆಂಟು ಬೆರೆತು ಬೂದಿಯ ಬಣ್ಣ. ಗಾಲಿಯ ಗೆರೆಗಳ ಮೇಲೆ ಹರಿದು ನನ್ನ ಕಾಲು ತೋಯಿಸಿ ಬೀದಿಗೆ ಹೋಯಿತು.

ರೈಲಿನಲ್ಲಿ ತಬಸ್ಸುಮ್ ಕಿಟಕಿಯ ಪಕ್ಕ ನನಗೆ ಜಾಗ ಹಿಡಿದಿದ್ದಳು.

"ಹೊಸಾ ಮೋಟರ್ ಹೆಂಗದ್ರಿ? ಓಡ್ತೇನ ನಿನ್ನಿ?"

"ಓಡ್ತು."

"ಎಲ್ಲಿ ತನಕ?"

ಹೇಳಿದರೆ ಅವಳು ನಗುತ್ತಿರಲಿಲ್ಲ. ಕೈ ಹಿಡಿದುಕೊಂಡು ಕೇಳುತ್ತಿದ್ದಳು. ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಮನೆಯಲ್ಲಿ ಒಬ್ಬರಿಗೆ ಹೇಳುತ್ತಿದ್ದಳು. ಅವಳ ಗಂಡನೂ ಅಣ್ಣನ ಪಾಳಿಯವನೇ.

"ಅಂಗಳದಾಗ ಅಡ್ಡಾಡ್ತು, ಅಷ್ಟ," ಎಂದೆ.

"ಇಷ್ಟಕ್ಕ ಇಷ್ಟ ದಿನಾ ಬೇಕಾತೇನ್ರಿ?" ಎಂದು ಅವಳು ಡಬ್ಬಿ ಬಿಚ್ಚಿ, ಒಂದು ರೊಟ್ಟಿ ಮುರಿದು ನನ್ನ ಕೈಗಿಟ್ಟಳು.

ಹೊರಗೆ ಕಲ್ಲಿನ ಗಣಿಗಳು ಹಿಂದೆ ಸರಿಯುತ್ತಿದ್ದವು. ಮೋರಿಯ ಬಾಯಲ್ಲಿ ಬಂದ ಕೈಯನ್ನು, ಅವಳು ಗಾಡಿಗೆ ಕೇಳಿದ್ದನ್ನು, ಆ ಬಿಳಿಯ ಎಳೆಗಳನ್ನು ಯಾರಿಗೂ ಹೇಳುವುದಿಲ್ಲ ಎಂದು ಚಿತ್ತಾಪುರ ಬರುವ ಮೊದಲೇ ತೀರ್ಮಾನಿಸಿದೆ. ರೊಟ್ಟಿಯನ್ನು ಪೂರ್ತಿ ತಿಂದೆ.