ಪರದೆಯ ಹಿಂದಿನ ಸ್ಟೂಲು

ರಾತ್ರಿ ಹನ್ನೆರಡೂವರೆಗೆ ಹೊರಗಿನ ಕೋಣೆಯಲ್ಲಿ ಒಂದು ಗುಂಡುಸೂಜಿ ನೆಲಕ್ಕೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸುತ್ತಿದ್ದರು. ಪಿಸು ಎದ್ದು ಕುಳಿತಳು.

ಅವಳ ಕಿವಿಯೇ ಹಾಗೆ ಪಳಗಿತ್ತು. ಮೂರು ವರ್ಷ ಕಾಲೇಜಿನ ನಾಟಕ ವಿಭಾಗದಲ್ಲಿ ಅವಳು ಮಾಡಿದ್ದು ಒಂದೇ ಕೆಲಸ: ರಂಗದ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕುಳಿತು, ಹಸ್ತಪ್ರತಿಯ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಮಾತು ಮರೆತವರಿಗೆ ಪಿಸುಗುಟ್ಟುವುದು. ಹಾಗಾಗಿಯೇ ಅವಳು ಎಲ್ಲರ ಬಾಯಲ್ಲಿ ಪಿಸು.

ಹೊರಗೆ ಅಮ್ಮ ಹೊಲಿಗೆ ಯಂತ್ರದ ಪುಟ್ಟ ದೀಪದ ಬೆಳಕಿನಲ್ಲಿ ಮೊಣಕಾಲೂರಿ ನೆಲ ತಡವುತ್ತಿದ್ದಳು. ಯಂತ್ರದ ಮೇಲೆ ಒಂದು ಕಪ್ಪು ಕೋಟು ಕೈಚೆಲ್ಲಿ ಬಿದ್ದಿತ್ತು. ನಾಳಿನ ಸಂದರ್ಶನಕ್ಕೆಂದು ನಾಟಕದ ಪೆಟ್ಟಿಗೆಯಿಂದ ಎರವಲು ತಂದದ್ದು. ಹಿಂದೆ ನಾಟಕದಲ್ಲಿ ಅದನ್ನು ತೊಟ್ಟ ದಪ್ಪ ವಕೀಲನೊಳಗೆ ಇಬ್ಬರು ಪಿಸು ಹಿಡಿಸುತ್ತಿದ್ದರು; ಅಮ್ಮ ಸೂಜಿ ಚುಚ್ಚಿ ಅದನ್ನು ಕಿರಿದು ಮಾಡುತ್ತಿದ್ದಳು.

"ಬಿದ್ದದ್ದು ಸಿಕ್ತು. ಆದ್ರೂ ಹನ್ನೊಂದರ ಲೆಕ್ಕಕ್ಕೆ ಒಂದು ಕಮ್ಮಿ ಬರ್ತಿದೆ," ಎಂದಳು ಅಮ್ಮ. "ನೀನ್ಯಾಕೆ ಎದ್ದೆ?"

"ಸೂಜಿ ಬಿದ್ದದ್ದು ಕೇಳಿಸ್ತು."

"ಸೂಜಿ ಕೇಳಿಸುತ್ತೆ. ಬೆಳಿಗ್ಗೆ ನಾಲ್ಕು ಸಲ ಕೂಗಿದ್ದು ಮಾತ್ರ ಕೇಳಿಸಲ್ಲ." ಅಮ್ಮ ಎದ್ದು ಕೋಟನ್ನು ಮಗಳ ಭುಜಕ್ಕೆ ಹಿಡಿದು ನೋಡಿದಳು. "ಹತ್ತು ನಿಮಿಷ ಮಾತಾಡಿದ್ರೆ ಸಾಕು ಕಣೇ. ನಿಮ್ಮ ಚಿಕ್ಕಮ್ಮ ಒಂದೇ ಉಸಿರಲ್ಲಿ ಅಷ್ಟು ಆಡ್ತಾಳೆ."

ಚಿಕ್ಕಮ್ಮನ ಹೆಸರು ಬಂದದ್ದೇ ತಡ, ಪಿಸು ಕೋಟಿನಿಂದ ಭುಜ ಸರಿಸಿಕೊಂಡಳು. ಬಸ್ ನಿಲ್ದಾಣದ ಎದುರು ಚಿಕ್ಕಮ್ಮನದೊಂದು ಝೆರಾಕ್ಸ್ ಅಂಗಡಿ. ನಾಳೆ ಕೆಲಸ ಸಿಗದಿದ್ದರೆ ಸೋಮವಾರದಿಂದ ಪಿಸು ಅಲ್ಲಿ ಕೂರಬೇಕೆಂದು ಅಕ್ಕ ತಂಗಿಯರು ಮಾತಾಡಿ ಮುಗಿಸಿದ್ದರು. "ಅವಳಿಗೆ ಹೇಳಿ ಮಾಡಿಸಿದ ಕೆಲಸ," ಎಂದಿದ್ದಳು ಚಿಕ್ಕಮ್ಮ. "ಇಡೀ ದಿನಕ್ಕೆ ಒಂದೇ ಮಾತು: ಒಂದು ಬದಿಯೋ, ಎರಡು ಬದಿಯೋ." ಆ ಮಾತಿನಲ್ಲಿ ಪಿಸುವನ್ನು ಚುಚ್ಚಿದ್ದು ಅದರ ಸುಳ್ಳಲ್ಲ, ನಿಜ. ಇನ್ನೊಬ್ಬರ ಮಾತನ್ನು ಕತ್ತಲಲ್ಲಿ ಎಷ್ಟು ಬೇಕಾದರೂ ಆಡಬಲ್ಲವಳಿಗೆ, ಬೆಳಕಿನಲ್ಲಿ ತನ್ನ ಮಾತು ಎಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಕಾಲೇಜು ತನ್ನ ಪ್ರಯತ್ನ ತಾನು ಮಾಡಿತ್ತು. ಕಲೆ ಓದಿದವರು ಪದವಿ ಹಿಡಿದು ಗೇಟು ದಾಟಿದ ಕೂಡಲೇ ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟವರಂತಾಗುತ್ತಾರೆ ಎಂದು ಯಾರೋ ವರದಿ ಬರೆದರಂತೆ. ಕೊನೆಯ ವರ್ಷದವರಿಗೆ 'ವೃತ್ತಿ ಸಿದ್ಧತೆ' ಎಂಬ ತರಗತಿ ಕಡ್ಡಾಯವಾಯಿತು. ಪಾಠಕ್ಕೆ ಬಂದವರಿಗೆ ಹುಡುಗರು ಮೊದಲ ವಾರವೇ ರೆಸ್ಯೂಮೆ ಮೇಡಂ ಎಂದು ಹೆಸರಿಟ್ಟರು. ಒಳ್ಳೆಯ ಹೆಂಗಸು. ನಾಟಕದವರ ಕೈಗೆ ಅಚ್ಚಾದ ಮಾತು ಕೊಡಬಾರದು ಎಂಬುದೊಂದು ಅವರಿಗೆ ತಿಳಿದಿರಲಿಲ್ಲ. ಹತ್ತು ಪ್ರಶ್ನೆ, ಹತ್ತು ಮಾದರಿ ಉತ್ತರ ಹಂಚಿ, "ಇದನ್ನು ನೋಡಿ ನಿಮ್ಮ ನಿಮ್ಮದು ಬರೆದುಕೊಳ್ಳಿ" ಎಂದರು. ಹುಡುಗರು ನೋಡಿದರು, ಬರೆಯಲಿಲ್ಲ. ಕಾಮಾ ಸಮೇತ ಬಾಯಿಪಾಠ ಮಾಡಿದರು.

ಪಿಸುವಿನ ರೆಸ್ಯೂಮೆಯಲ್ಲಿ 'ನಿರ್ವಹಿಸಿದ ಪಾತ್ರಗಳು' ಎಂಬ ಜಾಗ ಖಾಲಿ ಇತ್ತು.

"ಮೂರು ವರ್ಷ ಏನಮ್ಮ ಮಾಡಿದೆ?" ಎಂದು ಕೇಳಿದ್ದರು ಮೇಡಂ.

"ಮೂಲೇಲಿ ಕೂತಿದ್ದೆ ಮೇಡಂ."

ಮೇಡಂ ಪೆನ್ನು ಕಚ್ಚಿ ಯೋಚಿಸಿ, 'ತಂಡದೊಂದಿಗೆ ಹೊಂದಿಕೊಳ್ಳುವ ಗುಣ' ಎಂದು ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ತಾಲೀಮು ಕೋಣೆಯ ಹೊರಗೆ ಎಂಟು ಮಂದಿ ಎರವಲು ಬಟ್ಟೆಯಲ್ಲಿ ನಿಂತಿದ್ದರು. ನಗರದ ವಸ್ತುಸಂಗ್ರಹಾಲಯದವರು ಎರಡು ಹುದ್ದೆಗೆ ಆಯ್ಕೆ ಮಾಡಲು ಬರುವವರಿದ್ದರು. ಎಲ್ಲರಿಗಿಂತ ಮುಂದೆ ಮಹಾರಾಜ. ಮೂರು ವರ್ಷದಲ್ಲಿ ರಂಗದ ಮೇಲೆ ನಾಲ್ಕು ರಾಜ್ಯ ಆಳಿದವನು, ಕ್ಯಾಂಟೀನಿನಲ್ಲೂ ಟೀ ಕೇಳುವುದಿಲ್ಲ, ಆಜ್ಞಾಪಿಸುತ್ತಾನೆ. ಅವನು ಪಿಸುವನ್ನು ಪಕ್ಕಕ್ಕೆ ಕರೆದ.

"ಒಳಗೆ ಹಳೇ ಸೆಟ್ಟಿನ ಮರದ ಪರದೆ ಇದೆ. ಅದರ ಹಿಂದೆ ನಿನ್ನ ಸ್ಟೂಲು ಇಟ್ಟಿದ್ದೀನಿ."

"ಇದು ನಾಟಕ ಅಲ್ಲ ಕಣೋ. ನಿಜವಾದ ಕೆಲಸ."

"ಅದಕ್ಕೇ ಹೇಳಿದ್ದು. ನಾಟಕದಲ್ಲಿ ಮರೆತರೆ ಚಪ್ಪಾಳೆ ತಪ್ಪುತ್ತೆ. ಇಲ್ಲಿ ಸಂಬಳ ತಪ್ಪುತ್ತೆ."

"ನನ್ನ ಸರದಿ ಬಂದಾಗ ಯಾರು ಕೂರ್ತೀರಿ?"

ಎಲ್ಲರೂ ಒಮ್ಮೆಲೇ ತಮ್ಮ ತಮ್ಮ ಬೂಟು ನೋಡಿಕೊಂಡರು. "ನಿನಗ್ಯಾಕೆ?" ಎಂದ ಮಹಾರಾಜ. "ನಿನಗೆ ಎಲ್ಲರ ಮಾತೂ ಬರುತ್ತೆ."

ಪಿಸುವಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅದಕ್ಕೂ ಮಾತು ಬೇಕಲ್ಲ. ಒಂದು ಷರತ್ತು ಮಾತ್ರ ಹಾಕಿದಳು: ಮೊದಲ ಪದವಷ್ಟೇ ಹೇಳುತ್ತೇನೆ, ಮಿಕ್ಕದ್ದು ನಿಮ್ಮದು. ಅದು ಅವಳ ಕಸುಬಿನ ನೇಮ. ಮೂರು ಎಣಿಸುವವರೆಗೆ ಬಾಯಿ ಬಿಡಬಾರದು ಎಂಬುದು ಇನ್ನೊಂದು. ಎಣಿಸುವಾಗ ಮುಖ ನೋಡಬಾರದು, ಕೈ ನೋಡಬೇಕು. ಬೇಕೆಂದೇ ನಿಲ್ಲಿಸಿದವನ ಕೈ ಸುಮ್ಮನಿರುತ್ತದೆ. ಮರೆತವನ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗುತ್ತದೆ. ಯಾರು ಮರೆತರು ಎಂಬುದನ್ನು ಹೊರಗೆ ಆಡುವುದಂತೂ ಇಲ್ಲವೇ ಇಲ್ಲ. ಒಮ್ಮೆ ಮಹಾರಾಜ ತುಂಬಿದ ಸಭೆಯಲ್ಲಿ ಇಡೀ ರಾಜಾಜ್ಞೆ ಮರೆತು ಕಂಬದಂತೆ ನಿಂತಿದ್ದ. "ಅವನ್ಯಾಕೆ ಅಷ್ಟು ಹೊತ್ತು ಸುಮ್ಮನಿದ್ದ?" ಎಂದು ಅಮ್ಮ ಮನೆಗೆ ಬಂದು ಕೇಳಿದಾಗ ಪಿಸು ಕೊಟ್ಟ ಉತ್ತರ, "ಅದು ರಾಜಗಾಂಭೀರ್ಯ."

ಹತ್ತು ಗಂಟೆಗೆ ಸಂಗ್ರಹಾಲಯದ ಮುಖ್ಯಸ್ಥೆ ಬಂದರು. ಬಿಳಿಗೂದಲು, ದಪ್ಪ ಕನ್ನಡಕ, ನಡೆದಲ್ಲೆಲ್ಲ ಗೋಡೆಗಳೇ ನೆಟ್ಟಗಾಗುವಂಥ ಠೀವಿ. ಜೊತೆಗೆ ಟೈ ಕಟ್ಟಿದ ತರುಣ ಅಧಿಕಾರಿ, ಅಂಕದ ಹಾಳೆಗಳೊಂದಿಗೆ. ಪಿಸು ಅಷ್ಟರೊಳಗೆ ಹಿಂಬಾಗಿಲಿನಿಂದ ನುಸುಳಿ ಪರದೆಯ ಹಿಂದೆ ಕುಳಿತಾಗಿತ್ತು. ಪರದೆಯ ಎರಡು ಹಲಗೆಗಳ ಸಂದಿಯಿಂದ ಮೇಜೂ ಕೈಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಪ್ರತಿಯೊಬ್ಬರಿಗೂ ಮುಖ್ಯಸ್ಥೆ ಮೊದಲು ಒಂದೇ ಮಾತು ಹೇಳುತ್ತಿದ್ದರು. "ನಮ್ಮಲ್ಲಿ ಮೂರು ಮಹಡಿ. ನಾಲ್ಕು ಸಾವಿರ ವಸ್ತು. ಎಲ್ಲಾ ನೋಡಿ ಮುಗಿಸೋಕೆ ಎರಡು ದಿನ ಬೇಕು. ಆದ್ರೆ ಬಂದವರು ಕೇಳೋದು ಒಂದೇ: ಕೂತ್ಕೊಳ್ಳೋಕೆ ಕುರ್ಚಿ ಎಲ್ಲಿದೆ?" ತರುಣ ಅಧಿಕಾರಿ ಪ್ರತಿ ಸಲವೂ ಮೊದಲ ಸಲದಂತೆ ನಗುತ್ತಿದ್ದ. ಅದೂ ಒಂದು ನಟನೆಯೇ ಎಂದುಕೊಂಡಳು ಪಿಸು.

ನಂತರ ಪ್ರಶ್ನೆ. "ನಿಮ್ಮ ದೌರ್ಬಲ್ಯ ಏನು?"

"ನಾನು ಅತಿಯಾಗಿ ಶ್ರಮಿಸುತ್ತೇನೆ," ಎಂದಳು ಮೊದಲು ಬಂದವಳು, ನಾಚಿಕೊಂಡು.

"ನಾನು ಅತಿಯಾಗಿ ಶ್ರಮಿಸುತ್ತೇನೆ," ಎಂದು ಎರಡನೆಯವನು ಗುಟ್ಟು ಬಿಟ್ಟುಕೊಟ್ಟವನಂತೆ ಸುತ್ತ ನೋಡಿದ. ಮೂರನೆಯವಳು ಶೋಕಪಾತ್ರಗಳಿಗೆ ಹೆಸರಾದವಳು. ಅತಿಯಾಗಿ ಶ್ರಮಿಸುತ್ತೇನೆ ಎನ್ನುವಾಗ ನಿಜಕ್ಕೂ ಎರಡು ಹನಿ ಕಣ್ಣೀರು ಬಂತು. ಮಹಾರಾಜನ ಸರದಿಯಲ್ಲಿ ಅದೇ ವಾಕ್ಯ ನೆರೆರಾಜ್ಯಕ್ಕೆ ಕಳಿಸಿದ ಎಚ್ಚರಿಕೆಯಾಗಿ ಹೊರಟಿತು. ಆಮೇಲೆ "ಐದು ವರ್ಷದಲ್ಲಿ..." ಎಂದವನು ತಟ್ಟನೆ ನಿಂತ. ಹೆಬ್ಬೆರಳು ಉಜ್ಜಿತು. ಒಂದು, ಎರಡು, ಮೂರು. "ಜವಾಬ್ದಾರಿ," ಎಂದು ಪಿಸುಗುಟ್ಟಿತು ಪರದೆ. "ಜವಾಬ್ದಾರಿಯುತ ಸ್ಥಾನದಲ್ಲಿ ನನ್ನನ್ನು ಕಾಣಲು ಬಯಸುತ್ತೇನೆ," ಎಂದು ಮಹಾರಾಜ ಗುಡುಗಿದ. ಕಿಟಕಿಯ ಗಾಜು ಸಣ್ಣಗೆ ಅದುರಿತು.

ಏಳು ಮಂದಿ ಮುಗಿದರು. ಪಿಸು ಹಿಂಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಮುಂಬಾಗಿಲಿಗೆ ಬಂದು ನಿಂತಳು. ಧೈರ್ಯಕ್ಕೆಂದು ಕೋಟಿನ ಜೇಬಿಗೆ ಕೈ ಹಾಕಿದರೆ ಹಳೆಯ ನಾಟಕದ ಚೀಟಿಯೊಂದು ಸಿಕ್ಕಿತು: 'ಆರೋಪಿಗೆ ಮರಣದಂಡನೆ.' ಅದನ್ನು ಬೇಗ ಬೇಗ ಮಡಿಚಿಟ್ಟು ಒಳಗೆ ಹೋದಳು.

ಕುರ್ಚಿಗೆ ಬೆನ್ನು ಕೊಟ್ಟ ಕೂಡಲೇ ಅಮ್ಮನ ಲೆಕ್ಕಕ್ಕೆ ಸಿಗದಿದ್ದ ಹನ್ನೊಂದನೆಯ ಸೂಜಿ ಎಡಗಂಕುಳಿನ ಬಳಿ ತಾನಿಲ್ಲಿದ್ದೇನೆ ಎಂದಿತು. ನೆಟ್ಟಗೆ ಕೂರಬೇಕು ಎಂದು ರೆಸ್ಯೂಮೆ ಮೇಡಂ ಒಂದು ವರ್ಷ ಹೇಳಿ ಆಗದಿದ್ದದ್ದನ್ನು ಸೂಜಿ ಒಂದೇ ಕ್ಷಣದಲ್ಲಿ ಮಾಡಿಸಿತು.

"ನಿಮ್ಮ ಬಗ್ಗೆ ಹೇಳಿ," ಎಂದ ತರುಣ ಅಧಿಕಾರಿ.

ಪಿಸು ಪರದೆಯ ಕಡೆ ನೋಡಿದಳು. ಪರದೆ ಮರದಂತೆ ನಿಂತಿತ್ತು. "ನಾನು..." ಎಂದಳು. ಮುಂದಿನ ಪದ ಯಾವ ಪುಟದಲ್ಲೂ ಇರಲಿಲ್ಲ. ಅವಳ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಒಂದು, ಎರಡು, ಮೂರು, ಏಳು, ಹನ್ನೆರಡು. ಕಣ್ಣ ಮುಂದೆ ಝೆರಾಕ್ಸ್ ಯಂತ್ರದ ಹಸಿರು ಬೆಳಕು ಅತ್ತಿಂದಿತ್ತ ಹೋಗಿ ಬಂತು. ಅಧಿಕಾರಿ ಹಾಳೆಯಲ್ಲಿ ಏನೋ ಚಿಕ್ಕದಾಗಿ ಗುರುತು ಹಾಕಿದ. ಚಿಕ್ಕದೆಂದರೆ ಸೊನ್ನೆಯೇ ಇರಬೇಕು.

ಮುಖ್ಯಸ್ಥೆಗೆ ಕನಿಕರ ಹುಟ್ಟಿತೇನೋ. "ಇರಲಿ, ಮೊದಲು ನಮ್ಮ ವಿಷಯ ಹೇಳ್ತೀನಿ. ನೀವು ಸುಧಾರಿಸ್ಕೊಳ್ಳಿ," ಎಂದರು. "ನಮ್ಮಲ್ಲಿ ಮೂರು ಮಹಡಿ. ನಾಲ್ಕು ಸಾವಿರ ವಸ್ತು. ಎಲ್ಲಾ ನೋಡಿ ಮುಗಿಸೋಕೆ..."

ಅಲ್ಲಿ ನಿಂತರು.

ಅಧಿಕಾರಿ ನಗಲು ಸಿದ್ಧನಾಗಿ ಕಾಯುತ್ತಿದ್ದ. ಪಿಸು ಮುಖ ನೋಡಲಿಲ್ಲ. ಮೇಜಿನ ಅಂಚಿನ ಕೆಳಗೆ, ಅವನಿಗೆ ಕಾಣದಲ್ಲಿ, ಮುಖ್ಯಸ್ಥೆಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಒಂದು. ಎರಡು. ಅಧಿಕಾರಿಯ ಹುಬ್ಬು ಮೇಲೇರಿತು. ಮೂರು.

"ಎರಡು," ಎಂದಳು ಪಿಸು. ತುಟಿ ಅಲುಗಲಿಲ್ಲ, ಉಸಿರಷ್ಟೇ ಹೋಯಿತು.

"ಎರಡು ದಿನ ಬೇಕು," ಎಂದರು ಮುಖ್ಯಸ್ಥೆ ಸಲೀಸಾಗಿ. "ಆದ್ರೆ ಬಂದವರು ಕೇಳೋದು ಒಂದೇ: ಕೂತ್ಕೊಳ್ಳೋಕೆ ಕುರ್ಚಿ ಎಲ್ಲಿದೆ?" ಅಧಿಕಾರಿ ನಕ್ಕ. ಮುಖ್ಯಸ್ಥೆ ನಗಲಿಲ್ಲ. ಪಿಸುವನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಪಿಸುವನ್ನು ನೋಡಿದರು. ಆಮೇಲೆ ಅಧಿಕಾರಿಯನ್ನು ನೀರು ತರಲು ಕಳಿಸಿದರು.

ಬಾಗಿಲು ಮುಚ್ಚಿತು.

"ಬೆಳಿಗ್ಗೆಯಿಂದ ಏಳು ಜನ ಕತ್ತು ಒಂದೇ ಕಡೆ ವಾಲಿಸಿಕೊಂಡು ಕೂತಿದ್ರು," ಎಂದರು. "ಕಾಲೇಜು ಹಾಸ್ಟೆಲಿನ ದಿಂಬು ಸರಿಯಿಲ್ಲ ಅಂದ್ಕೊಂಡೆ. ನೀನಾ?"

ಪಿಸುವಿನ ಮುಖ ಕೆಂಪೇರಿತು. "ಮೊದಲ ಪದ ಮಾತ್ರ ಮೇಡಂ."

"ಹೂಂ. ನಮ್ಮಲ್ಲಿ ವಾರಕ್ಕೆ ನಾಲ್ಕು ಸಭೆ ಇರುತ್ತೆ, ಮತ್ತೆ ಪ್ರತಿಯೊಂದರಲ್ಲೂ ನಾನು..." ಮುಖ್ಯಸ್ಥೆ ಮತ್ತೆ ನಿಂತರು. ಕಿಟಕಿಯ ಕಡೆ ನೋಡಿದರು. ಬಹಳ ಹೊತ್ತಾಯಿತು. ಪಿಸು ಸುಮ್ಮನೆ ಕುಳಿತಿದ್ದಳು.

"ಯಾಕೆ ಈಗ ಹೇಳಿಕೊಡಲಿಲ್ಲ?"

"ಇದು ಮರೆತದ್ದಲ್ಲ ಮೇಡಂ. ಬೇಕಂತ ನಿಲ್ಲಿಸಿದ್ದು. ಕೈ ಸುಮ್ಮನಿತ್ತು."

ಮುಖ್ಯಸ್ಥೆ ತಮ್ಮ ಕೈಯನ್ನು ಬೇರೆಯವರದೇನೋ ಎಂಬಂತೆ ತಿರುಗಿಸಿ ನೋಡಿಕೊಂಡರು. "ಹೋದ ತಿಂಗಳು ಒಂದು ಭಾಷಣದ ನಡುವೆ ಹೀಗೇ ಆಯ್ತು. ಮುಗೀತು ಅಂದ್ಕೊಂಡು ಜನ ಎದ್ದು ಚಪ್ಪಾಳೆ ತಟ್ಟಿದ್ರು. ನನ್ನ ಭಾಷಣಗಳಲ್ಲೇ ಅದು ಒಳ್ಳೇದು ಅಂತ ಹೇಳ್ತಾರೆ." ಅರ್ಧ ನಕ್ಕರು, ಅರ್ಧಕ್ಕೇ ಬಿಟ್ಟರು. "ಪ್ರತಿ ಸಲ ಹಾಗಾಗಲ್ಲ. ನನಗಿನ್ನೂ ಎರಡು ವರ್ಷ ಸೇವೆ ಇದೆ. ಮೇಲಿನವರಿಗೆ ಗೊತ್ತಾದ್ರೆ ನಾಳೆಯೇ ಮನೆಗೆ ಕಳಿಸ್ತಾರೆ. ಈ ಮೂರು ವರ್ಷ ನೀನು ಏನು ಮಾಡ್ತಿದ್ದೆ, ಸರಿಯಾಗಿ ಹೇಳು."

ಪಿಸು ಹೇಳಿದಳು. ಸ್ಟೂಲಿನ ವಿಷಯ, ಮೂರು ಎಣಿಸುವ ವಿಷಯ, ಕೆಮ್ಮು ಬಂದಾಗ ಕೋಟಿನ ತೋಳು ಕಚ್ಚಿಕೊಂಡ ವಿಷಯ, ಒಬ್ಬೊಬ್ಬರು ಒಂದೊಂದು ರೀತಿ ಮರೆಯುತ್ತಾರೆ ಎಂಬ ವಿಷಯ. ನೀರು ತಂದ ಅಧಿಕಾರಿ ಲೋಟ ಹಿಡಿದುಕೊಂಡೇ ಕೇಳುತ್ತ ನಿಂತ. ಹತ್ತು ನಿಮಿಷ ದಾಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅವನು ಹಾಳೆಯಲ್ಲಿದ್ದ ಸೊನ್ನೆಯ ಎಡಕ್ಕೆ ಒಂದು ಅಂಕಿ ಸೇರಿಸಿದ್ದನ್ನು ಮಾತ್ರ ಕಂಡಳು.

ಸಂಜೆ ನಾಲ್ಕಕ್ಕೆ ಪಟ್ಟಿ ಹಾಕಿದರು. ಮೂರು ಮಹಡಿಯ ಮಾರ್ಗದರ್ಶಕನಾಗಿ ಮಹಾರಾಜ. ಸಭೆಗಳ ಸಹಾಯಕಿಯಾಗಿ ಪಿಸು.

"ಯಾರ ಹಂಗೂ ಇಲ್ಲದೆ ಗೆದ್ದೆ," ಎಂದು ಮಹಾರಾಜ ಓಣಿ ತುಂಬ ಸಾರಿದ. ಪಿಸುವನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, "ಹೆಚ್ಚು ಕಮ್ಮಿ," ಎಂದ. ರೆಸ್ಯೂಮೆ ಮೇಡಂ ಅವಳ ಕೈ ಹಿಡಿದುಕೊಂಡರು. "ಯಾವ ಮಾದರಿ ಉತ್ತರ ಉಪಯೋಗಕ್ಕೆ ಬಂತಮ್ಮ? ಮುಂದಿನ ವರ್ಷದವರಿಗೆ ಹೇಳ್ಬೇಕು."

"ನೆಟ್ಟಗೆ ಕೂತಿದ್ದೆ ಮೇಡಂ," ಎಂದಳು ಪಿಸು. ಅದು ಸುಳ್ಳಲ್ಲ.

ಮನೆಯಲ್ಲಿ ಅಮ್ಮ ಕೋಟು ಬಿಚ್ಚಿಸಿ, ಕಂಕುಳಿನಿಂದ ಸೂಜಿ ಎಳೆದು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸುದ್ದಿ ಸಿಕ್ಕಿ ಓಡಿ ಬಂದಿದ್ದ ಚಿಕ್ಕಮ್ಮ ಆಗಲೇ ಕುರ್ಚಿಯ ತುದಿಯಲ್ಲಿದ್ದಳು.

"ಹೇಳೇ, ಒಳಗೆ ಏನಾಯ್ತು? ಬಾಯೇ ಬಿಡದವಳು ಅದೇನು ಹೇಳಿ ಒಪ್ಪಿಸಿದೆ?"

ಪಿಸು ಒಂದು, ಎರಡು, ಮೂರು ಎಣಿಸಿದಳು. ಮೇಜಿನ ಅಂಚಿನ ಕೆಳಗಿದ್ದ ಆ ಹೆಬ್ಬೆರಳು ಕಣ್ಣಿಗೆ ಬಂತು. ಅಮ್ಮನಿಗೂ ಇಲ್ಲ, ಚಿಕ್ಕಮ್ಮನಿಗಂತೂ ಇಲ್ಲವೇ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಯಾಗಿತ್ತು.

"ಅವರೇ ಹೆಚ್ಚು ಮಾತಾಡಿದ್ರು ಚಿಕ್ಕಮ್ಮ," ಎಂದಳು. "ನಾನು ಕೇಳಿಸ್ಕೊಂಡೆ."