ಬೀಗರಿಗೆ ಎಸೆದ ಚೆಂಡು

ಮದುವೆಯ ಬೆಳಿಗ್ಗೆಯೇ ಹಳ್ಳದ ಮೇಲಿನ ಮರದ ಸೇತುವೆ ನೆರೆಯಲ್ಲಿ ಕೊಚ್ಚಿಹೋಯಿತು. ವೆಸ್ಟ್ ವರ್ಜೀನಿಯಾದ ಆ ಕಣಿವೆಯಲ್ಲಿ ಈಚೆ ದಡದಲ್ಲಿ ಮದುಮಗಳು ಡಾರ್ಲಾ, ಪಾದ್ರಿ, ಊಟ, ಉಂಗುರ. ಆಚೆ ದಡದಲ್ಲಿ ಮದುಮಗ ಟೀಗ್ ಮತ್ತು ಅವನ ಕಡೆಯವರೆಲ್ಲ. ದೋಣಿ ಬರುವುದು ಸಂಜೆಗೆ.

"ಸಂಜೆ ತನಕ ಯಾರು ಕಾಯ್ತಾರೆ? ಇಲ್ಲಿಂದ್ಲೇ ಕೂಗ್ತೀನಿ, ಮದ್ವೆ ಮಾಡ್ಸಿ!" ಎಂದಳು ಡಾರ್ಲಾ.

ಪಾದ್ರಿ ಇಬ್ಬರಿಗೂ ಒಪ್ಪಿಗೆಯೇ ಎಂದು ಗಂಟಲು ಹರಿಯುವಂತೆ ಕೂಗಿ ಕೇಳಿದರು. ಆಚೆಯಿಂದ ಟೀಗ್ "ಒಪ್ಪಿದೆ! ಒಪ್ಪಿದೆ!" ಎಂದು ಕುಣಿದ. ಡಾರ್ಲಾ ತನ್ನ ಉಂಗುರವನ್ನು ತಾನೇ ತೊಟ್ಟುಕೊಂಡಳು. ಉಳಿದದ್ದು ಟೀಗ್‌ನ ಉಂಗುರ, ಅದು ಹಳ್ಳ ದಾಟಬೇಕಿತ್ತು. ಎಲ್ಲರೂ ಡಾರ್ಲಾಳ ಅಪ್ಪ ವರ್ಲಿನ್‌ನತ್ತ ತಿರುಗಿದರು.

ವರ್ಲಿನ್ ಒಂದು ಕಾಲದಲ್ಲಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಓಡುವ ಜೊತೆಗಾರನ ಕೈಗೆ ಚೆಂಡು ಎಸೆದು ಮುಟ್ಟಿಸುವುದೇ ಕಸುಬು. ತಂಡದಿಂದ ತಂಡಕ್ಕೆ ಅಲೆದು, ಬಹುಪಾಲು ಬೆಂಚಿನ ಮೇಲೇ ಕೂತು, ಕೊನೆಗೊಮ್ಮೆ ದೊಡ್ಡ ಪಂದ್ಯದಲ್ಲಿ ಇಳಿದಾಗ ಗೆಲ್ಲಿಸಬೇಕಿದ್ದ ಚೆಂಡನ್ನು ಎದುರಾಳಿಗೇ ಎಸೆದುಕೊಟ್ಟಿದ್ದ. ಅಲ್ಲಿಗೆ ಕೆಲಸವೂ ಹೋಯಿತು. ಅಂದು ಆ ಚೆಂಡು ಹಿಡಿದ ಆರ್ವಲ್ ಪ್ರೂಯಿಟ್ಟೇ ಟೀಗ್‌ನ ಅಪ್ಪ, ಈಗ ವರ್ಲಿನ್‌ನ ಬೀಗ. ಆಚೆ ದಡದಲ್ಲಿ ಕೋಟು ಕಳಚಿ ನಿಂತಿದ್ದ.

"ಎಸೀರಿ ಬೀಗರೇ! ನಿಮ್ ಚೆಂಡು ನನ್ನ ಬಿಟ್ಟು ಇನ್ನೆಲ್ಲಿಗೆ ಹೋದೀತು!"

ಈಚೆಯವರೂ ಬಿದ್ದು ಬಿದ್ದು ನಕ್ಕರು. ವರ್ಲಿನ್‌ಗೂ ನಗು ತಡೆಯಲಾಗಲಿಲ್ಲ. ಕಾರಿನಲ್ಲಿದ್ದ ತನ್ನ ಹಳೆಯ ಚೆಂಡು ತರಿಸಿ, ಉಂಗುರವನ್ನು ಅದಕ್ಕೆ ಟೇಪು ಸುತ್ತಿ ಬಿಗಿದ.

"ರೀ, ಅದು ನಮ್ಮಪ್ಪನ ಉಂಗುರ, ಮೀನಿಗೆ ತೊಡಿಸಿಬಿಟ್ಟೀರಿ!" ಎಂದು ಹೆಂಡತಿ ನಡೀನ್ ಕಣ್ಣು ಮುಚ್ಚಿಕೊಂಡಳು.

ಅವನು ಎಸೆದ. ಭುಜ ಲಟಕ್ಕೆಂದಿತು. ಚೆಂಡು ಗಿರಗಿರನೆ ತಿರುಗುತ್ತ ಬಗ್ಗಡದ ನೀರಿನ ಮೇಲೆ ಹಾರಿತು. ಇಷ್ಟು ಚೆಂದದ ಎಸೆತ ತನ್ನ ಕೈಯಿಂದ ಎಂದೂ ಹೊರಟಿಲ್ಲವೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಆರ್ವಲ್ ಹಿಂದಕ್ಕೆ ಓಡಿ, ನೆಗೆದು ಹಿಡಿದು, ಕೆಸರಿನಲ್ಲಿ ಅಂಗಾತ ಬಿದ್ದ. ಚೆಂಡು ಹಿಡಿದ ಕೈ ಮಾತ್ರ ಮೇಲೆಯೇ ಇತ್ತು.

ಟೀಗ್ ಟೇಪು ಕಿತ್ತು ಉಂಗುರ ತೊಟ್ಟ. ಎರಡೂ ದಡ ಹುಚ್ಚೆದ್ದು ಕಿರುಚಿದವು. ಪಾದ್ರಿಯೂ ಬೈಬಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕುಣಿದರು.

"ಬೀಗರೇ, ಹೊಟ್ಟೆ ಹಸೀತಿದೆ!" ಆರ್ವಲ್ ಕೆಸರಿನಿಂದಲೇ ಕೂಗಿದ. "ಊಟ ಎಲ್ಲಾ ನಿಮ್ ಕಡೇನೇ ಉಳೀತಲ್ಲ!"

ವರ್ಲಿನ್ ಮಾಂಸ ತುಂಬಿದ ಬನ್ನುಗಳ ಬುಟ್ಟಿ ತರಿಸಿ, ಕಾಗದ ಸುತ್ತಿ ಸುತ್ತಿ ಎಸೆಯತೊಡಗಿದ. ಬೀಗಿತ್ತಿ ಹಿಡಿದಳು, ಅಳಿಯ ಹಿಡಿದ, ಅಜ್ಜಿಯೊಬ್ಬಳು ಮಡಿಲಲ್ಲೇ ಹಿಡಿದಳು. ಭುಜ ಉರಿಯುತ್ತಿತ್ತು, ನಿಲ್ಲಿಸಲು ಮನಸ್ಸೇ ಬರಲಿಲ್ಲ.

"ಸಾಕು ಮಾರಾಯ್ರೇ, ನಮಗೂ ಒಂದಿಷ್ಟು ಉಳಿಸ್ರೀ!" ಎನ್ನುತ್ತಲೇ ನಡೀನ್ ಇನ್ನೊಂದು ಬುಟ್ಟಿ ತಂದಿಟ್ಟಳು.