ಹಲಸೂರಿನಲ್ಲಿ ಹಿಮ

ಗಂಗಾಳಿಗೆ ಏಳು ತುಂಬಿ ಎರಡು ತಿಂಗಳಾಗಿತ್ತು, ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಇದನ್ನು ಅವಳ ತಾತ ಮುನಿಆಂಜನಪ್ಪ ಸಂಕ್ರಾಂತಿಗೆ ಹತ್ತು ದಿನವಿರುವಾಗ ಪತ್ತೆ ಹಚ್ಚಿದರು. ಮರುದಿನವೇ ಇಂದಿರಾನಗರದ ಒಂದು ಶಾಲೆಯ ಪ್ರವೇಶದ ಅರ್ಜಿ ತಂದು ಸೊಸೆ ಸುಕನ್ಯಳಿಗೆ ತೋರಿಸಿದರು. ಭಾನುವಾರ ಬರುತ್ತೇನೆ, ಮಗು ಏನು ಕಲಿತಿದೆಯೋ ನೋಡುತ್ತೇನೆ, ಇಲ್ಲದಿದ್ದರೆ ಸೋಮವಾರ ಅರ್ಜಿ ಹೋಗುತ್ತದೆ ಎಂದರು. ಮಗ ಜಗನ್ ಅಪ್ಪನ ಪಕ್ಷವೂ ಅಲ್ಲ, ಹೆಂಡತಿಯ ಪಕ್ಷವೂ ಅಲ್ಲ. ಅವನು ಮಾರತ್ತಹಳ್ಳಿಯ ಟ್ರಾಫಿಕ್ಕಿನಿಂದ ಮನೆ ಸೇರುವಷ್ಟರಲ್ಲಿ ಎಲ್ಲ ಜಗಳವೂ ಮುಗಿದಿರುತ್ತಿತ್ತು.

ಸುಕನ್ಯ ಮಗಳಿಗೆ ಹಲಸೂರಿನ ಮನೆಯಲ್ಲೇ ವಾಲ್ಡಾರ್ಫ್ ಪದ್ಧತಿಯಲ್ಲಿ ಕಲಿಸುತ್ತಿದ್ದಳು. ಏಳು ವರ್ಷದವರೆಗೆ ಕತೆ, ಹಾಡು, ಕೈಗೆಲಸ. ಅಕ್ಷರ ಆಮೇಲೆ, ಅದೂ ಚಿತ್ರದಿಂದ ಹುಟ್ಟಿ ಬರಬೇಕು. ಮನೆಯ ಮೂಲೆಯಲ್ಲೊಂದು ಋತುಮೇಜು: ಹೊರಗೆ ಯಾವ ಕಾಲವೋ ಆ ಕಾಲದ ಎಲೆ, ಕಾಯಿ, ಬೀಜ ಅದರ ಮೇಲೆ. ಒಳ್ಳೆಯ ಪದ್ಧತಿಯೇ. ಆದರೆ ಸುಕನ್ಯ ಅದನ್ನು ಕಲಿತದ್ದು ಜರ್ಮನಿಯ ಹೆಂಗಸೊಬ್ಬಳ ವಿಡಿಯೊಗಳಿಂದ. ಆ ಹೆಂಗಸಿನ ಮನೆಯಲ್ಲಿ ಜನವರಿಯೆಂದರೆ ಹಿಮ.

ಹಾಗಾಗಿ ಗುರುವಾರ ಬೆಳಿಗ್ಗೆ ಹಲಸೂರಿನಲ್ಲೂ ಹಿಮ ಬಿತ್ತು. ಅರ್ಧ ಕಿಲೊ ಹತ್ತಿ, ಅದರ ಮೇಲೆ ಉಣ್ಣೆಯಲ್ಲಿ ಮಾಡಿದ ಕುಳ್ಳರ ಗೊಂಬೆಗಳು, ಪೈನ್ ಮರದ ಕಾಯಿ. ಬೀದಿಯಲ್ಲಿ ಗಾಡಿಯವನು ಅವರೆಕಾಯಿ ಎಂದು ಕೂಗುತ್ತಿದ್ದ. ಪಾಠಕ್ಕೆ ಅಡ್ಡಿಯಾಗುತ್ತದೆಂದು ಸುಕನ್ಯ ಕಿಟಕಿ ಮುಚ್ಚಿದಳು.

ಗಂಗಾ ಹತ್ತಿಯನ್ನು ನೋಡುತ್ತ ನಿಂತಳು. "ಅಮ್ಮ, ಇದು ನಮ್ಮೂರಲ್ಲಿ ಯಾವಾಗ ಬೀಳತ್ತೆ?"

ಬೀಳುವುದಿಲ್ಲವೆಂದು ಸುಕನ್ಯ ಒಪ್ಪಿಕೊಳ್ಳಬೇಕಾಯಿತು. ಮತ್ತೆ ಈ ಕುಳ್ಳರು ಇಲ್ಲಿಗೇಕೆ ಬಂದರು ಎಂದು ಕೇಳಿದ ಗಂಗಾ ಉತ್ತರಕ್ಕೂ ಕಾಯದೆ ಎದ್ದುಹೋದಳು. ಸುಕನ್ಯ ಕೋಣೆ ಸೇರಿ ಗೆಳತಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಗೋಳಾಡಿದಳು.

ಹೊರಗೆ ಬಂದರೆ ಮೇಜಿನ ಮೇಲೆ ಹಿಮವಿಲ್ಲ. ಮನೆಗೆಲಸದ ಅಯ್ಯಮ್ಮ ನೆಲದಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಸಿಂಧನೂರಿನ ಕಡೆಯಿಂದ ಬಂದು ಮರ್ಫಿ ಟೌನಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದ ಅವಳು, ಹಬ್ಬದ ದೀಪಕ್ಕೆಂದೇ ಹತ್ತಿ ತಂದಿದ್ದಾರೆ ಅಂದುಕೊಂಡಿದ್ದಳು. ಪಕ್ಕದಲ್ಲಿ ಗಂಗಾ, ಅಂಗೈಗೆ ವಿಭೂತಿ ಸವರಿಕೊಂಡು ಹೊಸೆದು ಐದೈದರ ಕಟ್ಟು ಕಟ್ಟುತ್ತಿದ್ದಳು. ಹತ್ತೊಂಬತ್ತು ಕಟ್ಟು, ತೊಂಬತ್ತೈದು ಬತ್ತಿ ಎಂದು ತಲೆಯೆತ್ತದೆ ಹೇಳಿದಳು. ಯಾವ ಪಾಠಕ್ಕೂ ಹತ್ತು ನಿಮಿಷ ಕೂತವಳಲ್ಲ.

ರೇಗಲು ಬಂದ ಸುಕನ್ಯ, ಹೇಗೆ ಕಲಿಸಿದೆ ಎಂದು ಕೇಳಿದಳು.

"ಕಲಿಸೂದೇನ್ರಿ ಅಕ್ಕಾರ. ನಾ ಮಾಡಕತ್ತಿದ್ದೆ, ಆಕಿ ಬಂದು ಕುಂತ್ಲು. ಹುಡುಗ್ರಿಗಿ ಹೇಳಬಾರದ್ರಿ, ಮುಂದ ಕುಂತು ಮಾಡಬೇಕು."

ಜರ್ಮನಿಯ ಹೆಂಗಸು ನಲವತ್ತು ವಿಡಿಯೊಗಳಲ್ಲಿ ಹೇಳಿದ್ದೂ ಇಷ್ಟೇ. ಇದೇ ನಿಜವಾದ ಕಲಿಕೆ ಎಂದು ಸುಕನ್ಯ ಹಿಗ್ಗಿದಳು. ಅಯ್ಯಮ್ಮ ಕೈ ನಿಲ್ಲಿಸಲಿಲ್ಲ.

"ನಿಮ್ಮ ಮಗಳು ಮಾಡಿದ್ರ ಕಲಿಕಿ, ನನ್ನ ಸುಜಾತಾ ಮಾಡಿದ್ರ ಕೂಲಿ. ಆಕಿಗಿ ಕೈಕೆಲಸ ಸಾಕಾಗ್ಯಾದ್ರಿ. ಓದೂದು ಬೇಕು."

ಅವಸರವಿಲ್ಲದ ಬಾಲ್ಯವನ್ನೂ ಈ ನಗರ ಸೈಟುಗಳ ಹಾಗೆ ಉಳ್ಳವರಿಗೇ ಹಂಚಿದೆ. ನಾಳೆಯಿಂದ ಸುಜಾತಾಳನ್ನೂ ಓದಲು ಕಳಿಸು ಎಂದಳು ಸುಕನ್ಯ.

ಶುಕ್ರವಾರ ಅವಳು ಕಿಟಕಿ ತೆರೆದಳು. ಕುಳ್ಳರು ಪೆಟ್ಟಿಗೆ ಸೇರಿದರು, ಮೇಜಿಗೆ ರಾಗಿ ತೆನೆ, ಎಳ್ಳು, ಸೊನೆಯವರೆಕಾಯಿ ಬಂದವು. ಸರ್ಕಾರಿ ಶಾಲೆಯ ಐದನೆಯ ಕ್ಲಾಸಿನ ಸುಜಾತಾ ಸಂಜೆ ಬಂದಳು. ಸುಕನ್ಯ ಗುಡ್ಡ ಕಾಯುವ ಮುದುಕಿಯ ಕತೆ ಹೇಳಿದಳು, ಸುಜಾತಾ ಅದನ್ನು ಬರೆದು ಗಟ್ಟಿಯಾಗಿ ಓದಿದಳು. ಗಂಗಾ ಅವಳ ಬೆರಳನ್ನೇ ನೋಡುತ್ತ ಕೂತಿದ್ದಳು.

ಭಾನುವಾರ ಮುನಿಆಂಜನಪ್ಪ ಜೇಬಿನಲ್ಲಿ ಅರ್ಜಿ ಇಟ್ಟುಕೊಂಡೇ ಬಂದರು. ಸುಜಾತಾಳೂ ಸೇರಿ ಎಲ್ಲರೂ ನೆನೆಹಾಕಿದ ಅವರೆಕಾಳು ಹಿತುಕುತ್ತ ಕೂತಿದ್ದರು. ಅವರೂ ಮಣೆ ಎಳೆದುಕೊಂಡರು. ಗಂಗಾ ಕಾಳುಗಳನ್ನು ಐದೈದಾಗಿ ಮುನ್ನೂರರವರೆಗೆ ಎಣಿಸಿದಳು. ತಾತನ ಮುಖ ಅರಳಿತು, ಹಾಗೇ ಬಾಡಿತು.

"ಎಣಿಸೋಕೆ ನಮ್ಮಪ್ಪನಿಗೂ ಬರ್ತಿತ್ತಮ್ಮ. ಕಾಗದದಲ್ಲಿ ಏನು ಬರ್ದವ್ರೆ ಅಂತ ಓದೋಕೆ ಬರ್ಲಿಲ್ಲ. ದೊಮ್ಮಲೂರಿನ ಹೊಲ ಒಂದು ಹೆಬ್ಬೆಟ್ಟಲ್ಲಿ ಹೋಯ್ತು."

ಸುಕನ್ಯ ಮಗುವಿನ ಬೆಳವಣಿಗೆಯ ಬಗ್ಗೆ ರಾತ್ರಿಯೆಲ್ಲ ಸಿದ್ಧಮಾಡಿದ್ದ ಮಾತುಗಳನ್ನು ನುಂಗಿಕೊಂಡಳು. ಇಷ್ಟು ದಿನ ಮಾವ ಜಗಳವಾಡಿದ್ದು ತನ್ನೊಂದಿಗಲ್ಲ, ಆ ಹೆಬ್ಬೆಟ್ಟಿನೊಂದಿಗೆ.

"ನಿಮ್ಮ ಭಯ ನಿಜ ಮಾವ. ಈ ವರ್ಷ ಅವಳು ಓದೇ ಓದ್ತಾಳೆ. ವಾರ ವಾರ ನೀವೇ ಬಂದು ನೋಡಿ."

ಅಷ್ಟರಲ್ಲಿ ಗಂಗಾ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗುಡ್ಡವೊಂದನ್ನು ಬರೆದು, ನೆತ್ತಿಗೆ ಪುಟ್ಟ ತಲೆಕಟ್ಟು ಇಟ್ಟಳು. ಗುಡ್ಡದ ಗ, ಗಂಗಾಳ ಗ, ಸುಜಾತಕ್ಕ ಬರೆಯುವಾಗ ನೋಡಿಕೊಂಡೆ ಎಂದಳು. ಅಷ್ಟೇನಾ ಎಂದು ತಾತ ಕೇಳಿದರು.

"ಎರಡು ದಿನಕ್ಕೆ ಒಂದು, ತಾತ. ಅವಸರ ಮಾಡ್ಬೇಡ."

ಮುನಿಆಂಜನಪ್ಪ ನಕ್ಕ ರಭಸಕ್ಕೆ ತಟ್ಟೆಯ ಕಾಳು ಚೆಲ್ಲಿತು. ಯುಗಾದಿಯವರೆಗೆ ಅರ್ಜಿ ತಮ್ಮ ಜೇಬಿನಲ್ಲೇ ಇರುತ್ತದೆ, ಗುರುವಾರ ಗುರುವಾರ ಪಾಠಕ್ಕೆ ತಾವೂ ಬಂದು ಕೂರುವುದಾಗಿ ಹೇಳಿದರು. ಮುಂದಿನ ಅಕ್ಷರ ಯಾವುದೆಂದು ವಿಚಾರಿಸಿದರು. ಸುಕನ್ಯ ಇನ್ನೂ ಯೋಚಿಸಿಯೇ ಇರಲಿಲ್ಲ.

"ಮ, ಅಜ್ಜಾರ," ಎಂದಳು ಸುಜಾತಾ. "ನಿಮ್ಮ ಹೆಸರಿಂದು."

"ಹಂಗಾದ್ರೆ ಒಂದು ಎತ್ತರದ ಕುರ್ಚಿ ಹಾಕ್ಸಮ್ಮ," ಎಂದು ಅವರು ಸೊಸೆಗೆ ಹೇಳಿದರು. "ಈ ಮಣೆ ಮೇಲೆ ನನ್ನ ಮಂಡಿ ಒಂದಕ್ಷರಾನೂ ತಡೆಯಲ್ಲ."